ಗೇರ್ ಆಯಿಲ್ ಬದಲಾಯಿಸೋ ಮುಂಚೆ

ದಾವಣಗೆರೆ ಗೆಳೆಯರೇ, ಇಂಜಿನ್ ಆಯಿಲ್ ಎಲ್ಲರೂ ನೆನಪಿಟ್ಟು ಬದಲಾಯಿಸ್ತೀವಿ, ಗೇರ್ ಬಾಕ್ಸ್ ಆಯಿಲ್ ಕೇಳೋರೇ ಇಲ್ಲ. ಮ್ಯಾನ್ಯುಯಲ್ ಗಾಡಿ ಇರೋರು ಗ್ಯಾರೇಜಲ್ಲಿ ಪಕ್ಕದಲ್ಲೇ ನಿಂತು ಮಾಡಿಸ್ರಿ. ಮೊದಲು ಹೊಸ ಆಯಿಲ್ ತುಂಬಿಸೋ ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಸ್ರಿ, ಆಮೇಲೆ ಕೆಳಗಿನ ಡ್ರೇನ್ ಬೋಲ್ಟ್. ಆಯಿಲ್ ಎಲ್ಲ ಸುರಿದ ಮೇಲೆ ಮೇಲಿಂದು ಜಾಮ್ ಆಗಿದ್ರೆ ಗಾಡಿ ಅಲ್ಲೇ ಠಿಕಾಣಿ!

ಡ್ರೇನ್ ಬೋಲ್ಟಿಗೆ ಮ್ಯಾಗ್ನೆಟ್ ಇದ್ರೆ ಒರೆಸೋಕೆ ಮುಂಚೆ ಬೆರಳಾಡಿಸಿ ನೋಡ್ರಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಮಾಮೂಲಿ ಸವೆತ. ಬೆರಳಿಗೆ ಚುಚ್ಚೋ ಲೋಹದ ಚೂರು ಸಿಕ್ರೆ ಬಾಕ್ಸ್ ಇಳಿಸಿ ನೋಡಿಸಬೇಕು.

ಗಾಡಿ ಪುಸ್ತಕದಲ್ಲಿ ಗೇರ್ ಆಯಿಲ್ ದರ್ಜೆ ಜಿಎಲ್-4 ಅಂತಿದ್ರೆ ಅದನ್ನೇ ಹಾಕಿಸ್ರಿ. "ಜಿಎಲ್-5 ಇನ್ನೂ ಒಳ್ಳೇದು ಸಾರ್" ಅಂದ್ರೆ ತಲೆ ಆಡಿಸಬೇಡ್ರಿ. ಕೆಲವು ಜಿಎಲ್-5 ಆಯಿಲ್ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನ (ಗೇರ್ ಸಲೀಸಾಗಿ ಬೀಳೋಕೆ ಇರೋ ಬಳೆಗಳು) ತಿಂದು ಹಾಕ್ತವೆ.