ಕೂಲಂಟ್ ಟ್ಯಾಂಕ್ ಸೋರೋದು ಕಡೀಗೂ ನಿಂತ್ತು

ಪುಣೆಯಿಂದ ಹುಬ್ಬಳ್ಳಿಗೆ ಗಾಡಿಯಾಗ ಹೊಂಟಾಗ ಖಂಬಾಟ್ಕಿ ಘಾಟ್ ಏರೋದ್ರಾಗ ಟೆಂಪರೇಚರ್ ಮುಳ್ಳು ಮ್ಯಾಲ ಹೋತು, ಬಾನೆಟ್ ತೆಗೆದು ನೋಡಿದ್ರ ಕೂಲಂಟ್ (ಇಂಜಿನ್ ತಣ್ಣಗಿಡೋ ನೀರು) ಟ್ಯಾಂಕಿನ ಜಾಯಿಂಟಿನಿಂದ ಗುಲಾಬಿ ನೀರು ಜಿನುಗ್ತಿತ್ತು, ಹಿಂದ ಅವ್ವ, ಮಕ್ಕಳು ಕೂತಿದ್ರು, ಎದಿ ಝಲ್ ಅಂತು. ಎರಡು ವರ್ಷದಾಗ ಇದು ಎರಡನೇ ಟ್ಯಾಂಕ್. ಪ್ಲಾಸ್ಟಿಕ್ಕಿನ ಎರಡು ಹೋಳು ಸೇರಿಸಿ ಮಾಡಿರ್ತಾರ, ಬಿಸಿ ಆಗಿ ತಣ್ಣಗಾಗಿ ಪ್ರೆಶರ್ ತಿಂದು ತಿಂದು ಆ ಜಾಯಿಂಟೇ ಮೊದ್ಲು ಬಿರಿತದ. ಅಂಟು ಹಚ್ಚಿದ್ದು ವಾರಾನೂ ತಡೀಲಿಲ್ಲ.

ಈ ಸಲ ಪುಣೆಯ ‘ನಾನಾ ಪೇಠ್’ ಅನ್ನೋ ಗಾಡಿ ಸಾಮಾನಿನ ಬಜಾರದಾಗ ಹುಡುಕಿ ವೆಲ್ಡ್ ಮಾಡಿದ ಅಲ್ಯುಮಿನಿಯಂ ಟ್ಯಾಂಕ್ ತಂದೆ. ಅದ್ರಾಗ ಲೆವೆಲ್ ಹೊರಗಿಂದ ಕಾಣಂಗಿಲ್ಲ, ಬಗಲಾಗ ಲೆವೆಲ್ ನೋಡೋ ಪೈಪ್ ಇರೋದನ್ನ ತಗೋರಿ.

ಇಂಜಿನ್ ಪೂರ್ತಿ ತಣ್ಣಗಾಗೋತನಕ ಮುಚ್ಚಳ ಮುಟ್ಟಬ್ಯಾಡ್ರಿ, ಕುದಿಯೋ ನೀರು ಮುಖಕ್ಕ ಹಾರ್ತದ, ಕೈಮುಗಿದು ಹೇಳ್ತೀನಿ. ಹೊಸ ಮುಚ್ಚಳ ತಡೆಯೋ ಪ್ರೆಶರ್ ಹಳೇದರಷ್ಟೇ ಇರಬೇಕು, 1.4 ಬಾರ್ ಇದ್ರ 1.4 ನೇ. ಪೈಪ್ ಬಿಗಿಯೋ ಕ್ಲಾಂಪ್ ಎಲ್ಲಾ ಹೊಸವು ಹಾಕ್ದೆ. ಕೂಲಂಟ್, ಡಿಸ್ಟಿಲ್ಡ್ ವಾಟರ್ 50:50 ತುಂಬಿ, ಹೀಟರ್ ಫುಲ್ ಇಟ್ಟು, ರೇಡಿಯೇಟರ್ ಫ್ಯಾನ್ ತಿರುಗೋತನಕ ಇಂಜಿನ್ ಚಾಲೂ ಇಟ್ಟು ಗಾಳಿ ಹೊರಗ ಹಾಕಿದೆ, ತಣ್ಣಗಾದ ಮ್ಯಾಲ ಲೆವೆಲ್ ಇಳಿದಿತ್ತು, ಮತ್ತ ತುಂಬಿದೆ.

ಹೋದ ವಾರ ಅದೇ ಘಾಟ್ ಏರಿದೆ, ಮುಳ್ಳು ಅಲ್ಲಾಡ್ಲಿಲ್ಲ.