ಕಾಲೇಜು ತಂಡದ ಕೋಚ್‌ಗೆ ಇಷ್ಟೊಂದು ಸಂಬಳ ಯಾಕೆ? ಜಿಮ್ ಹಾರ್ಬಾ ನಡೆದ ದಾರಿ ನೋಡಿ

ಮಿಶಿಗನ್‌ಗೆ ಹೊಸದಾಗಿ ಬಂದ ನಮ್ಮವರಿಗೆ ಮೊದಲು ತಲೆಗೆ ಹೋಗದ ವಿಷಯ ಇದು. ಕಾಲೇಜು ಹುಡುಗರ ಅಮೆರಿಕನ್ ಫುಟ್‌ಬಾಲ್ ಮ್ಯಾಚಿಗೆ ಲಕ್ಷ ಜನ ಸೇರುತ್ತಾರೆ. ಆನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಗವರ್ನರ್‌ಗಿಂತ ಎಷ್ಟೋ ಪಟ್ಟು ಸಂಬಳ ಎಣಿಸುವುದು ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಆ ದುಡ್ಡಿನಲ್ಲಿ ಬಹುಪಾಲು ಟಿವಿ ಹಕ್ಕು, ಟಿಕೆಟ್, ಹಳೆ ವಿದ್ಯಾರ್ಥಿಗಳ ದೇಣಿಗೆಯಿಂದ ಬರುತ್ತದೆ.

ಈ ಲೋಕ ಅರ್ಥವಾಗಬೇಕಾದರೆ ಇಲ್ಲಿನ ಮಿಶಿಗನ್ ವಿಶ್ವವಿದ್ಯಾಲಯ ತಂಡದ ಕೋಚ್ ಆಗಿದ್ದ ಜಿಮ್ ಹಾರ್ಬಾ ಕತೆ ಸಾಕು. ತಂದೆ ಜ್ಯಾಕ್ ಕೂಡ ಕೋಚ್. ಮಗ ಮಿಶಿಗನ್ ತಂಡದ ಕ್ವಾರ್ಟರ್‌ಬ್ಯಾಕ್ ಆದ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಇನ್ನೊಬ್ಬನಿಗೆ ಕೊಡಬೇಕೋ, ಎರಡು ಮೂರು ಸೆಕೆಂಡಿನಲ್ಲಿ ಅವನೇ ತೀರ್ಮಾನಿಸಬೇಕು. ತನ್ನ ಕಡೆಯ ಹನ್ನೊಂದು ಜನರ ಕೆಲಸವೂ ಅವನಿಗೆ ಬಾಯಿಪಾಠ ಆಗಿರಬೇಕು. ಇಂಥವರು ಮುಂದೆ ಕೋಚ್ ಆಗುವುದರಲ್ಲಿ ಆಶ್ಚರ್ಯ ಏನಿದೆ, ಅಲ್ವಾ?

1987ರಲ್ಲಿ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವಾಗ, ಚಿಕಾಗೊ ಬೇರ್ಸ್ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಎನ್‌ಎಫ್‌ಎಲ್‌ನಲ್ಲಿ ಆಡುತ್ತಿರುವಾಗಲೇ ತಂದೆ ಕೋಚ್ ಆಗಿದ್ದ ವೆಸ್ಟರ್ನ್ ಕೆಂಟಕಿಯಲ್ಲಿ ಸಂಬಳವಿಲ್ಲದೆ ಸಹಾಯಕ ಕೋಚ್ ಆಗಿ ದುಡಿದರು. ಆಮೇಲೆ ಓಕ್ಲೆಂಡ್ ರೈಡರ್ಸ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಪಾಠ. 2004ರಲ್ಲಿ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯದ ಚಿಕ್ಕ ತಂಡಕ್ಕೆ ಹೆಡ್ ಕೋಚ್. 2007ರಲ್ಲಿ ಸ್ಟ್ಯಾನ್‌ಫರ್ಡ್. ಅದೇ ವರ್ಷ, ಗೆಲ್ಲುತ್ತಾರೆಂದು ಯಾರೂ ಅಂದುಕೊಂಡಿರದ ಸ್ಟ್ಯಾನ್‌ಫರ್ಡ್ ಬಲಿಷ್ಠ ಯುಎಸ್‌ಸಿಯನ್ನು (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಅವರ ಊರಲ್ಲೇ 24-23ರಿಂದ ಸೋಲಿಸಿತು. ಮುಂದೆ ಎನ್‌ಎಫ್‌ಎಲ್‌ನ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್. 2013ರ ಎನ್‌ಎಫ್‌ಎಲ್ ಫೈನಲ್ ಸೂಪರ್ ಬೌಲ್‌ನಲ್ಲಿ ಎದುರು ನಿಂತ ಕೋಚ್ ಸ್ವಂತ ಅಣ್ಣ ಜಾನ್. ಗೆದ್ದಿದ್ದು ಅಣ್ಣ, 34-31.

2015ರ ಸೀಸನ್‌ಗೆ ತಾವು ಓದಿದ ಮಿಶಿಗನ್‌ಗೇ ಕೋಚ್ ಆಗಿ ವಾಪಸ್ ಬಂದರು. ಇಲ್ಲಿನ ಲೆಕ್ಕ ಬೇರೆ. ಎಷ್ಟು ಮ್ಯಾಚ್ ಗೆದ್ದರೂ ಪಕ್ಕದ ರಾಜ್ಯದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಎದುರು ಸೋತರೆ ಜನ ಕ್ಷಮಿಸುವುದಿಲ್ಲ. ಹಾರ್ಬಾ ಮೊದಲ ಐದೂ ಸಲ ಸೋತರು. ಕೋವಿಡ್ ವರ್ಷ 2020ರಲ್ಲಿ ಆ ಮ್ಯಾಚೇ ನಡೆಯಲಿಲ್ಲ, ತಂಡ ಗೆದ್ದಿದ್ದು ಬರೀ ಎರಡು. ಕೆಲಸ ಉಳಿಯಿತು, ಆದರೆ ಹೊಸ ಒಪ್ಪಂದದಲ್ಲಿ ಮೂಲ ಸಂಬಳ ಸುಮಾರು ಅರ್ಧಕ್ಕಿಳಿಯಿತು. ಮರುವರ್ಷ ಒಹಾಯೊ ಸ್ಟೇಟ್ ಮೇಲೆ 42-27ರ ಗೆಲುವು. ಅಭಿಮಾನಿಗಳು ಮೈದಾನಕ್ಕೇ ನುಗ್ಗಿದರು.

2023ರ ಸೀಸನ್‌ನಲ್ಲಿ ಹದಿನೈದಕ್ಕೆ ಹದಿನೈದು ಗೆದ್ದು ರಾಷ್ಟ್ರೀಯ ಚಾಂಪಿಯನ್. ಅದೇ ವರ್ಷ ಎರಡು ಸಲ ಸಸ್ಪೆಂಡ್ ಕೂಡ. ಎರಡನೆಯದು ಸನ್ನೆ ಕದ್ದ ಗಲಾಟೆ. ಆಗ ಕಾಲೇಜು ಕೋಚ್‌ಗಳು ಮೈದಾನದ ಅಂಚಿನಿಂದ ಕೈಸನ್ನೆ, ಚಿತ್ರದ ಬೋರ್ಡ್ ತೋರಿಸಿ ಆಟಗಾರರಿಗೆ ಸೂಚನೆ ಕೊಡುತ್ತಿದ್ದರು. ಎದುರಾಳಿಯ ಸನ್ನೆಯನ್ನು ಟಿವಿಯಲ್ಲಿ ನೋಡಿ ಬಿಡಿಸಿದರೆ ತಪ್ಪಿಲ್ಲ. ಮುಂದೆ ಆಡಬೇಕಾದ ತಂಡದ ಮ್ಯಾಚಿಗೆ ಮೊದಲೇ ಜನರನ್ನು ಕಳಿಸುವುದು ಮಾತ್ರ ನಿಷಿದ್ಧ. ತಂಡದ ಸಿಬ್ಬಂದಿಯೊಬ್ಬರ ಮೇಲೆ ಬಂದ ಆರೋಪ ಅದೇ. ತನಗೆ ಗೊತ್ತಿರಲಿಲ್ಲ ಎಂದರು ಹಾರ್ಬಾ. ಆದರೂ ಮೂರು ಮ್ಯಾಚ್ ಹೊರಗೆ ಕೂರಬೇಕಾಯಿತು. 2024ರಿಂದ ಸೂಚನೆ ಕೊಡಲು ಹೆಲ್ಮೆಟ್ ಒಳಗೆ ರೇಡಿಯೊ ಬಂದಿದೆ.

ಕಪ್ ಗೆದ್ದ ತಿಂಗಳೊಳಗೆ ಅವರು ಎನ್‌ಎಫ್‌ಎಲ್‌ನ ಲಾಸ್ ಏಂಜಲೀಸ್ ಚಾರ್ಜರ್ಸ್ ಸೇರಿದರು. ಆಮೇಲೆ ಕಾಲೇಜು ಕ್ರೀಡೆಯ ಸಂಸ್ಥೆ ಎನ್‌ಸಿಎಎ ಅವರಿಗೆ ಶಿಕ್ಷೆ ವಿಧಿಸಿತು, ಆದರೆ ಅದರ ಅಧಿಕಾರ ಎನ್‌ಎಫ್‌ಎಲ್ ಬಾಗಿಲಲ್ಲೇ ಮುಗಿಯುತ್ತದೆ. ನನಗಂತೂ ಇದು ಈ ವ್ಯವಸ್ಥೆಯ ದೊಡ್ಡ ತೂತು ಅನ್ನಿಸುತ್ತದೆ.

ಒಹಾಯೊ ಸ್ಟೇಟ್ ಮ್ಯಾಚ್ ಬರುವುದು ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲಿನ ಶನಿವಾರ, ಬೆಸ ವರ್ಷಗಳಲ್ಲಿ ಆನ್ ಆರ್ಬರ್‌ನಲ್ಲೇ. ಗೃಹಪ್ರವೇಶಕ್ಕೋ ರಾಜ್ಯೋತ್ಸವಕ್ಕೋ ಶನಿವಾರ ಗೊತ್ತು ಮಾಡುವ ಮುಂಚೆ ಪಂಚಾಂಗದ ಜೊತೆ ಮ್ಯಾಚ್ ಪಟ್ಟಿಯನ್ನೂ ನೋಡಿ. ಇಲ್ಲದಿದ್ದರೆ ಕಾರ್ ನಿಲ್ಲಿಸಲು ಜಾಗ ಸಿಗುವುದಿಲ್ಲ.