ಹಿಂಬದಿಯ ಸ್ಪಾಯ್ಲರ್ ನಿಜಕ್ಕೂ ಕೆಲಸ ಮಾಡುತ್ತದೆಯೇ: ನನ್ನ ಹಳೆಯ 911ರಲ್ಲಿ ಅಳೆದು ನೋಡಿದ ಅನುಭವ

ಹಳೆಯ ಸ್ಪೋರ್ಟ್ಸ್ ಕಾರುಗಳ ಬೆನ್ನ ಮೇಲಿರುವ, ಗಾಳಿಯ ಹರಿವನ್ನು ತಿರುಗಿಸುವ ರೆಕ್ಕೆಯಂಥ ಭಾಗವಾದ ಸ್ಪಾಯ್ಲರ್ ಬರಿಯ ಅಲಂಕಾರವೇ, ಅಥವಾ ಅದರಿಂದ ಕಾರಿನ ಓಟ ನಿಜವಾಗಿ ಸುಧಾರಿಸುತ್ತದೆಯೇ ಎಂಬ ಪ್ರಶ್ನೆಗೆ ಎಲ್ಲ ಕಾರುಗಳಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಆದರೆ ಒಂದು ಕಾರಿನ ಮಟ್ಟಿಗೆ ನಾನು ಖಚಿತವಾಗಿ ಹೇಳಬಲ್ಲೆ. ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರ್ ಆಗಿರುವ ನನ್ನ ಬಳಿ 1973ರ ಪೋರ್ಷೆ 911 ಟಿ ಇದೆ. ಅದರ ಎಂಜಿನ್ ಹಿಂಬದಿಯಲ್ಲಿದೆ, ಸ್ಪಾಯ್ಲರ್ ಇರುವುದು ಎಂಜಿನ್ ಮುಚ್ಚಳದ ಮೇಲೆಯೇ. ಅದಕ್ಕೆ ಎರಡು ಎಂಜಿನ್ ಮುಚ್ಚಳಗಳನ್ನು ಇಟ್ಟುಕೊಂಡಿದ್ದೇನೆ: ಒಂದು ಕಾರಿನೊಡನೆ ಬಂದ ಚಪ್ಪಟೆಯಾದ ಉಕ್ಕಿನದು, ಇನ್ನೊಂದು ಬಾತುಕೋಳಿಯ ಬಾಲದಂತೆ ಮೇಲಕ್ಕೆ ತಿರುಗಿದ, ಎಲ್ಲರೂ ಡಕ್‌ಟೇಲ್ ಎಂದು ಕರೆಯುವ ಫೈಬರ್‌ಗ್ಲಾಸ್‌ನದು. ಎರಡನ್ನೂ ಬದಲಾಯಿಸಿ ಅಳೆಯಲು ಸಾಧ್ಯವಿದ್ದುದರಿಂದ ವಾದಕ್ಕಿಂತ ಅಳತೆಯೇ ಮೇಲೆಂದು ನಿರ್ಧರಿಸಿದೆ.

ಈ ಬಾಲ ಹುಟ್ಟಿದ್ದು ಅಂದಕ್ಕಾಗಿ ಅಲ್ಲ. 911ರ ಛಾವಣಿಯಿಂದ ಹಿಂಬದಿಯ ಬಂಪರ್‌ವರೆಗೆ ಇಳಿಯುವ ಬಾಗು ನೋಡಲು ಎಷ್ಟು ಸೊಗಸೋ ಗಾಳಿಯ ಲೆಕ್ಕದಲ್ಲಿ ಅಷ್ಟೇ ತೊಂದರೆಯದು. ಗಾಳಿ ಆ ಬಾಗಿಗೆ ಅಂಟಿಕೊಂಡು ವೇಗವಾಗಿ ಹರಿಯುವುದರಿಂದ ಅಲ್ಲಿ ಒತ್ತಡ ಕುಸಿಯುತ್ತದೆ, ಕಾರಿನ ಹಿಂಭಾಗ ಮೇಲಕ್ಕೆ ಸೆಳೆಯಲ್ಪಡುತ್ತದೆ. ರೇಸಿಂಗ್‌ಗೆ ಮಾನ್ಯತೆ ಪಡೆಯಲೆಂದು ಪೋರ್ಷೆ ಕಂಪನಿ ಕರೆರಾ ಆರ್‌ಎಸ್ 2.7 ಎಂಬ ಹಗುರ ಕಾರನ್ನು ಸಿದ್ಧಪಡಿಸುತ್ತಿದ್ದಾಗ ಹೆರ್ಮಾನ್ ಬುರ್ಸ್ಟ್, ಟಿಲ್ಮನ್ ಬ್ರೋಡ್‌ಬೆಕ್ ಮೊದಲಾದ ಎಂಜಿನಿಯರುಗಳು ಈ ತೊಂದರೆಗೆ, ನಿಂತ ಕಾರಿನ ಮೇಲೆ ಗಾಳಿ ಹಾಯಿಸಿ ಅಳೆಯುವ ಸುರಂಗವಾದ ವಿಂಡ್ ಟನೆಲ್‌ನಲ್ಲಿ ಪರಿಹಾರ ಹುಡುಕಿದರು. 1972ರ ಆಗಸ್ಟ್ 5ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಅದೇ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಕಾರು ಕಾಣಿಸಿಕೊಂಡಿತು. ಕಂಪನಿ ಕೊಟ್ಟ ಲೆಕ್ಕದ ಪ್ರಕಾರ ಗಂಟೆಗೆ 245 ಕಿ.ಮೀ. ವೇಗದಲ್ಲಿ ಹಿಂಬದಿಯ ಎತ್ತುವ ಬಲ 144 ಕಿಲೋದಿಂದ 42 ಕಿಲೋಗೆ ಇಳಿಯಿತು, ಗರಿಷ್ಠ ವೇಗವೂ 4.5 ಕಿ.ಮೀ.ಯಷ್ಟು ಏರಿತು. ಒಂದು ಸಾವಿರ ಕಿಲೋ ಆಸುಪಾಸಿನ ಕಾರಿಗೆ ಇದು ಬಹಳ ದೊಡ್ಡ ವ್ಯತ್ಯಾಸ. ಆದರೆ ಡಕ್‌ಟೇಲ್ ಕಾರನ್ನು ನೆಲಕ್ಕೆ ಒತ್ತುವುದಿಲ್ಲ ಎಂಬುದನ್ನು ಗಮನಿಸಬೇಕು. ಮೇಲೇಳುವ ಬಲದ ಬಹುಪಾಲನ್ನು ಅದು ತೆಗೆದುಹಾಕುತ್ತದೆ, ಅಷ್ಟೇ.

ನನ್ನ ಮೊದಲ ಅಳತೆ ಒತ್ತಡದ್ದು. ಮುಚ್ಚಳದ ಮೇಲೆ, ಹಿಂಗಾಜಿನ ಕೆಳಅಂಚಿನಿಂದ ಬಾಲದ ತುದಿಯವರೆಗೆ ಸಣ್ಣ ಪ್ಲಾಸ್ಟಿಕ್ ನಳಿಕೆಗಳನ್ನು ಟೇಪಿನಿಂದ ಅಂಟಿಸಿ ಕಾರಿನೊಳಗೆ ತಂದು, ಬಣ್ಣದ ನೀರು ತುಂಬಿದ ಯು ಆಕಾರದ ಕೊಳವೆಗಳಿಗೆ ಜೋಡಿಸಿದೆ. ಕೊಳವೆಗಳ ಇನ್ನೊಂದು ತುದಿಯನ್ನು ಬಾಯಿ ಬಿಗಿದ ಥರ್ಮಾಸ್ ಫ್ಲಾಸ್ಕಿಗೆ ಕೂಡಿಸಿದ್ದು, ಕಾರಿನೊಳಗಿನ ಬಿಸಿಯಿಂದ ಹೋಲಿಕೆಯ ಒತ್ತಡ ಕದಲಬಾರದೆಂಬ ಕಾರಣಕ್ಕೆ. ಗಂಟೆಗೆ 130 ಕಿ.ಮೀ. ವೇಗದಲ್ಲಿ ಗಾಳಿಯ ಚಲನ ಒತ್ತಡ ಸುಮಾರು 80 ಮಿಲಿಮೀಟರ್ ನೀರಿನ ಮಟ್ಟಕ್ಕೆ ಸಮ, ಹಾಗಾಗಿ ದುಬಾರಿ ಸಾಧನವಿಲ್ಲದೆಯೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಚಪ್ಪಟೆ ಮುಚ್ಚಳವಿದ್ದಾಗ ನೀರು ಎಲ್ಲ ಕೊಳವೆಗಳಲ್ಲೂ ಮುಚ್ಚಳದ ಕಡೆಗೇ ಎಳೆಯಲ್ಪಟ್ಟಿತು. ಡಕ್‌ಟೇಲ್ ಹಾಕಿದ ಮೇಲೆ ಗಾಜಿನ ಬಳಿ ಸೆಳೆತ ಸ್ಪಷ್ಟವಾಗಿ ಕಡಿಮೆಯಾಯಿತು, ಬಾಲದ ತುಟಿಯ ಮುಂದೆ ಒತ್ತಡ ತಿರುವುಮುರುವಾಗಿ ನೀರು ಎದುರು ದಿಕ್ಕಿಗೆ ಸರಿಯಿತು. ನನಗೆ ಬಹಳ ಮುಖ್ಯವೆನಿಸಿದ ಸಂಗತಿ ಇದೇ: ಸ್ಪಾಯ್ಲರ್‌ನ ಕೆಲಸ ಅದರ ತುದಿಯಲ್ಲಷ್ಟೇ ನಡೆಯುವುದಿಲ್ಲ, ಅದರ ಮುಂದಿನ ಇಡೀ ಇಳಿಜಾರಿನ ಮೇಲೆ ನಡೆಯುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್ ಉಸಿರಾಡುವ ಜಾಲರಿಯೂ ಅದೇ ಇಳಿಜಾರಿನಲ್ಲಿದೆ, ಆದ್ದರಿಂದ ಅಲ್ಲಿ ಒತ್ತಡ ಏರಿದರೆ ಫ್ಯಾನ್‌ಗೆ ಗಾಳಿ ಸಲೀಸಾಗಿ ಸಿಗುತ್ತದೆ.

ಎರಡನೆಯದು ಹಿಂಬದಿಯ ಎತ್ತರದ ಅಳತೆ. ಸಸ್ಪೆನ್ಷನ್ ತೋಳಿಗೂ ಕಾರಿನ ಒಡಲಿಗೂ ನಡುವೆ ಎಳೆದಾರದ ಸೆನ್ಸರ್ ಕಟ್ಟಿ, ವೇಗ ಏರಿದಂತೆ ಹಿಂಭಾಗ ಎಷ್ಟು ಮೇಲೇಳುತ್ತದೆ ಎಂದು ದಾಖಲಿಸಿದೆ. ಇಲ್ಲಿ ಎಚ್ಚರ ಹೆಚ್ಚು ಬೇಕು. ಆಕ್ಸಿಲರೇಟರ್ ಒತ್ತಿದಾಗ ಹಿಂಭಾಗ ಕೂರುತ್ತದೆ, ಬಿಟ್ಟಾಗ ಏಳುತ್ತದೆ. ಇದಕ್ಕೂ ಗಾಳಿಗೂ ಸಂಬಂಧವಿಲ್ಲ. ಆದ್ದರಿಂದ ಪ್ರತಿ ಸಲವೂ ಸ್ಥಿರ ವೇಗದಲ್ಲಿ, ಒಂದೇ ಗೇರಿನಲ್ಲಿ, ಒಂದೇ ಟೈರ್ ಒತ್ತಡದಲ್ಲಿ, ಗಾಳಿಯಿಲ್ಲದ ಭಾನುವಾರದ ಬೆಳಗಿನ ಜಾವ, ಎ81 ಆಟೋಬಾನ್‌ನ ವೇಗಮಿತಿಯಿಲ್ಲದ ಭಾಗದಲ್ಲಿ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆದೆ. 100 ಕಿ.ಮೀ. ವೇಗದವರೆಗೆ ಎರಡು ಮುಚ್ಚಳಗಳ ಅಳತೆಗಳು ರಸ್ತೆಯ ಅಲುಗಾಟದಲ್ಲಿ ಬೆರೆತುಹೋದವು. 140 ದಾಟಿದ ಮೇಲೆ ಎರಡೂ ಗೆರೆಗಳು ಬೇರೆಬೇರೆಯಾಗತೊಡಗಿದವು, 180ರ ಹೊತ್ತಿಗೆ ಸಂದೇಹಕ್ಕೆ ಎಡೆಯಿರಲಿಲ್ಲ.

ಇದರಲ್ಲಿ ಆಶ್ಚರ್ಯವೇನಿಲ್ಲ, ಏಕೆಂದರೆ ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 245 ಕಿ.ಮೀ.ಯಲ್ಲಿ ಸಿಗುವ 102 ಕಿಲೋ ಲಾಭವನ್ನು ಇಳಿಸುತ್ತ ಬಂದರೆ 180ರಲ್ಲಿ ಅದು ಸುಮಾರು 55 ಕಿಲೋ, 120ರಲ್ಲಿ 24, 80ರಲ್ಲಿ ಬರೀ 11. ಬೆಂಗಳೂರಿನ ಗೆಳೆಯರು ತಮ್ಮ ಕಾರಿಗೂ ಸ್ಪಾಯ್ಲರ್ ಹಾಕಿಸಬೇಕೇ ಎಂದು ಕೇಳಿದಾಗ ನಾನು ಈ ಲೆಕ್ಕವನ್ನೇ ಮುಂದಿಡುತ್ತೇನೆ: ಇಷ್ಟು ಪರಿಣಾಮಕಾರಿಯಾದ ಬಾಲವೂ ಮೈಸೂರು ಹೆದ್ದಾರಿಯ 100 ಕಿ.ಮೀ. ಮಿತಿಯಲ್ಲಿ 17 ಕಿಲೋ ದಾಟುವುದಿಲ್ಲ.

ಹಾಕೆನ್‌ಹೈಮ್ ಟ್ರ್ಯಾಕ್‌ನಲ್ಲಿ ಓಡಿಸಿದಾಗಲೂ ಇದೇ ಚಿತ್ರ ಸಿಕ್ಕಿತು. ನಿಧಾನದ ತಿರುವುಗಳಲ್ಲಿ ಯಾವ ಮುಚ್ಚಳ ಹಾಕಿದ್ದೇನೆಂದು ಚಕ್ರ ಹಿಡಿದವನಿಗೆ ತಿಳಿಯುವುದೇ ಇಲ್ಲ. ಆದರೆ ಪ್ಯಾರಾಬೋಲಿಕಾದ ಉದ್ದನೆಯ ಬಾಗಿನಲ್ಲಿ ವೇಗ ಏರುತ್ತಿದ್ದಾಗ, ಚಪ್ಪಟೆ ಮುಚ್ಚಳದ ಕಾರಿನ ಹಿಂಭಾಗ ಹಗುರಾಗಿ ಸ್ಟಿಯರಿಂಗ್‌ನಲ್ಲಿ ಸಣ್ಣ ಸಣ್ಣ ತಿದ್ದುಪಡಿಗಳನ್ನು ಬೇಡುತ್ತಲೇ ಇರುತ್ತದೆ. ಡಕ್‌ಟೇಲ್ ಇದ್ದಾಗ ಅದೇ ಗೆರೆಯನ್ನು ಶಾಂತವಾಗಿ ಹಿಡಿಯಬಹುದು. ಎಂಜಿನ್ ಹಿಂದಿರುವ ಈ ಕಾರಿನಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಕ್ಕೆ ಜಾರುವ ಸ್ವಭಾವವಿದೆ, ಆದ್ದರಿಂದ ಆ ಶಾಂತಿ ಸುರಕ್ಷತೆಯ ವಿಷಯವೂ ಹೌದು. ಸೆಕೆಂಡುಗಳ ಲೆಕ್ಕಕ್ಕಿಂತ ಇದನ್ನೇ ನಾನು ನಿಜವಾದ ಸುಧಾರಣೆ ಎಂದು ಪರಿಗಣಿಸುತ್ತೇನೆ.

ಆದರೆ ಬಾಲವೊಂದನ್ನೇ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬಾಲದ ಮೇಲೆ ಬೀಳುವ ಬಲ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಬೀಳುವುದರಿಂದ ಅದು ಸನ್ನೆಗೋಲಿನಂತೆ ವರ್ತಿಸಿ ಮುಂದಿನ ಚಕ್ರಗಳ ಭಾರವನ್ನು ತುಸು ಎತ್ತುತ್ತದೆ. 911ರ ಮೂತಿ ಮೊದಲೇ ಹಗುರ. ಮುಂಬದಿಯ ಬಂಪರಿನ ಕೆಳಗೆ ಗಾಳಿ ತಡೆಯುವ ತುಟಿಯನ್ನು 1972ರ ಮಾಡೆಲ್‌ನ 911 ಎಸ್‌ಗೆ ಕೊಟ್ಟಿದ್ದರು, ಕರೆರಾ ಆರ್‌ಎಸ್‌ನಲ್ಲೂ ಎರಡೂ ಜೊತೆಯಾಗಿಯೇ ಬಂದವು. ನನ್ನ 911 ಟಿಗೂ ಬಾಲದೊಂದಿಗೆ ಅದನ್ನು ಸೇರಿಸಿದ್ದೇನೆ.

ಎಲ್ಲ ಸ್ಪಾಯ್ಲರ್‌ಗಳೂ ಹೀಗೆ ಅಳೆದು ತೂಗಿ ಹುಟ್ಟಿದವಲ್ಲ. ಲ್ಯಾಂಬೊರ್ಗಿನಿ ಕೌಂಟಾಚ್‌ನ ದೊಡ್ಡ ಹಿಂಬದಿ ರೆಕ್ಕೆಯನ್ನು ಕೊಂಡವರು ಹೆಚ್ಚಾಗಿ ನೋಟಕ್ಕಾಗಿ ಕೊಂಡರು; ಅದರಿಂದ ಗಾಳಿಯ ತಡೆ ಹೆಚ್ಚಿ ಗರಿಷ್ಠ ವೇಗ ಇಳಿಯುತ್ತಿತ್ತು. ಇನ್ನೊಂದೆಡೆ 1961ರಲ್ಲಿ ರೇಸ್ ಚಾಲಕ ರಿಚಿ ಗಿಂಥರ್ ಫೆರಾರಿ 246 ಎಸ್‌ಪಿಯ ಪರೀಕ್ಷೆಗಳಲ್ಲಿ ಬಳಸಿದ ಸಣ್ಣ ತಗಡಿನ ಪಟ್ಟಿ ಕಾರನ್ನು ಸ್ಥಿರಗೊಳಿಸಿತು. ಬಾಲದ ಗಾತ್ರ ನೋಡಿ ಅದರ ಗುಣ ಹೇಳಲಾಗದು.

ಹಾಕಿಸಿಕೊಳ್ಳುವವರಿಗೆ ಕೆಲವು ಮಾತು. ಜರ್ಮನಿಯಲ್ಲಿ ಇಂಥ ಬದಲಾವಣೆಗೆ ತಾಂತ್ರಿಕ ತಪಾಸಣೆ ಮಾಡಿಸಿ ಕಾರಿನ ಕಾಗದಪತ್ರದಲ್ಲಿ ನಮೂದಿಸಬೇಕು. ಕಾರಿಗೆ ಹಳೆಯ ವಾಹನಗಳ ಎಚ್ ನಂಬರ್ ಪ್ಲೇಟ್ ಇದ್ದರೆ, ಆ ಬದಲಾವಣೆ ಆ ಕಾಲದಲ್ಲೇ ಬಳಕೆಯಲ್ಲಿತ್ತೆಂದು ತಪಾಸಕರಿಗೆ ಮನವರಿಕೆಯಾಗಬೇಕು. ಫೈಬರ್‌ಗ್ಲಾಸ್ ಮುಚ್ಚಳ ಉಕ್ಕಿನದಕ್ಕಿಂತ ಬಹಳ ಹಗುರವಾದ್ದರಿಂದ ಮುಚ್ಚಳವನ್ನು ಎತ್ತಿ ಹಿಡಿಯುವ ಹಳೆಯ ಗ್ಯಾಸ್ ಸ್ಟ್ರಟ್ ಅದನ್ನು ಅತಿಯಾಗಿ ಮೇಲಕ್ಕೆ ತಳ್ಳಿ ಹಿಂಜ್‌ಗಳ ಬಳಿ ಬಿರುಕು ತರಬಹುದು. ಕಡಿಮೆ ಬಲದ ಸ್ಟ್ರಟ್ ಹಾಕಿ, ಅಂಚುಗಳು ಒಡಲಿಗೆ ಸಮನಾಗಿ ಕೂತಿವೆಯೇ ಎಂದು ನೋಡಿ, ಆ ಮೇಲೆಯೇ ಬಣ್ಣ ಹೊಡೆಸಿ.